ನಂಬಿಕೆಗಾಗಿ ಊರು ಬಿಟ್ಟವರು, ಮಕ್ಕಳಿಗಾಗಿ ಊರು ಬಿಟ್ಟವರು

1922ರ ಮಾರ್ಚ್ 1ರಂದು ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಪ್ಲಮ್ ಕೂಲೀ ಎಂಬ ಸಣ್ಣ ಊರಿನ ನಿಲ್ದಾಣದಿಂದ ಒಂದು ವಿಶೇಷ ರೈಲು ಹೊರಟಿತು. ಅದರಲ್ಲಿ ಜನರ ಜೊತೆಗೆ ಅವರ ಕುದುರೆಗಳು, ಹಸುಗಳು, ಉಳುವ ಸಲಕರಣೆಗಳು, ಮನೆಯ ಸಾಮಾನುಗಳು ಎಲ್ಲವೂ ಇದ್ದವು. ಒಂದು ವಾರದ ಪ್ರಯಾಣದ ನಂತರ ಅದು ಮೆಕ್ಸಿಕೊದ ಚಿವಾವಾ ರಾಜ್ಯದ ಒಣ ಎತ್ತರದ ಬಯಲಿನಲ್ಲಿ, ಇಂದು ಕ್ವಾವ್ತೆಮೋಕ್ ಎಂದು ಕರೆಯುವ ಜಾಗದಲ್ಲಿ ನಿಂತಿತು. ಅದರ ಹಿಂದೆಯೇ ಇನ್ನಷ್ಟು ರೈಲುಗಳು ಹೊರಟವು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 7,000 ಜನ ಹೀಗೆ ಕೆನಡಾವನ್ನು ಬಿಟ್ಟರು. ಅವರು ಬಡತನದಿಂದ ಹೊರಟವರಲ್ಲ. ಮ್ಯಾನಿಟೋಬಾದ ಅತ್ಯುತ್ತಮ ಗೋಧಿ ಭೂಮಿ ಅವರ ಕೈಯಲ್ಲಿತ್ತು. ಅವರ ಪ್ರಾರ್ಥನಾ ಮಂದಿರಗಳಿಗೆ ಯಾರೂ ಬೀಗ ಹಾಕಿರಲಿಲ್ಲ, ಅವರ ದೇವರನ್ನು ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ತಮ್ಮ ಸುತ್ತಲಿನ ಸಮಾಜ ತಾವು ನಂಬಿದ ಮೌಲ್ಯಗಳನ್ನು ಇನ್ನು ಮುಂದೆ ಹಂಚಿಕೊಳ್ಳುವುದಿಲ್ಲ, ತಮ್ಮ ಮಕ್ಕಳೂ ಹಂಚಿಕೊಳ್ಳದಂತೆ ಮಾಡುತ್ತದೆ ಎಂಬುದು ಅವರಿಗೆ ಖಚಿತವಾಗಿತ್ತು.

ಇವರು ಓಲ್ಡ್ ಕಾಲನಿ ಮೆನೊನೈಟರು ಎಂಬ ಸಂಪ್ರದಾಯನಿಷ್ಠ ಕ್ರೈಸ್ತ ಪಂಥದವರು. ನಾನು ವಾಸಿಸುವ ವಿನ್ನಿಪೆಗ್ ನಗರದಿಂದ ದಕ್ಷಿಣಕ್ಕೆ ಹೊರಟರೆ ಅವರು ಕಟ್ಟಿದ ಹಳ್ಳಿಗಳ ಸಾಲು ಇಂದಿಗೂ ಕಾಣಿಸುತ್ತದೆ. ಈಚೆಗೆ ನಮ್ಮ ಬಳಗದಲ್ಲಿ ಹಲವರು ಆಡುವ ಒಂದು ಮಾತು ನನ್ನನ್ನು ಮತ್ತೆ ಮತ್ತೆ ಈ ಜನರ ಚರಿತ್ರೆಯ ಕಡೆಗೆ ಎಳೆದಿದೆ. ಇಲ್ಲಿನ ಸಮಾಜ ನಮ್ಮದಲ್ಲ, ಇಲ್ಲಿ ಬೆಳೆಯುವ ಮಕ್ಕಳಲ್ಲಿ ದೇವರು, ಆಚಾರ, ಹಿರಿಯರು ಎಂಬ ಭಾವನೆ ಉಳಿಯುವುದಿಲ್ಲ, ಆದ್ದರಿಂದ ಊರಿಗೆ ಮರಳಬೇಕು ಎಂಬ ಮಾತು ಅದು. ದೀಪ ಹಚ್ಚದೆ ಸಂಜೆ ಕಳೆಯದ ಮನೆಯಲ್ಲಿ ಬೆಳೆದವಳು ನಾನು. ಆ ಮಾತಿನ ಹಿಂದಿರುವ ಸಂಕಟ ನನಗೆ ಹೊರಗಿನದಲ್ಲ. ಅದಕ್ಕಾಗಿಯೇ, ಈ ಸಂಕಟವನ್ನು ಐದು ಶತಮಾನಗಳ ಕಾಲ ಅನುಭವಿಸಿ, ಪ್ರತಿ ಬಾರಿಯೂ ಹೊರಡುವುದನ್ನೇ ಉತ್ತರವಾಗಿ ಆರಿಸಿಕೊಂಡವರ ಕಥೆಯನ್ನು ಪೂರ್ತಿಯಾಗಿ ನೋಡಬೇಕೆನಿಸಿತು.

ಈ ಪಂಥದ ಬೇರು 1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದೆ. ಏನೂ ತಿಳಿಯದ ಹಸುಗೂಸಿಗೆ ಕೊಡುವ ದೀಕ್ಷಾಸ್ನಾನಕ್ಕೆ ಅರ್ಥವಿಲ್ಲ, ತಿಳಿವಳಿಕೆ ಬಂದ ಮನುಷ್ಯ ತಾನಾಗಿ ಒಪ್ಪಿ ಕೇಳಿದಾಗ ಮಾತ್ರ ಅದನ್ನು ಕೊಡಬೇಕು ಎಂದು ಕೆಲವರು ವಾದಿಸಿ, ಒಬ್ಬರಿಗೊಬ್ಬರು ಮತ್ತೆ ದೀಕ್ಷೆ ಕೊಟ್ಟುಕೊಂಡರು. ರಾಜ್ಯ ಮತ್ತು ಚರ್ಚು ಒಂದೇ ಆಗಿದ್ದ ಕಾಲದಲ್ಲಿ ಅದು ರಾಜದ್ರೋಹಕ್ಕೆ ಸಮನಾಗಿತ್ತು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾನ್ಸ್ ಎಂಬಾತನನ್ನು 1527ರ ಜನವರಿಯಲ್ಲಿ ಜ್ಯೂರಿಕ್‌ನ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಮುಂದೆ ನೆದರ್‌ಲ್ಯಾಂಡ್ಸ್‌ನಲ್ಲಿ ಪಾದ್ರಿಯಾಗಿದ್ದ ಮೆನ್ನೊ ಸೀಮನ್ಸ್ 1536ರಲ್ಲಿ ಕೆಥೊಲಿಕ್ ಚರ್ಚನ್ನು ಬಿಟ್ಟು ಇವರ ನಾಯಕತ್ವ ವಹಿಸಿದ. ಮೆನೊನೈಟರು ಎಂಬ ಹೆಸರು ಬಂದದ್ದು ಅವನಿಂದ. ಶಸ್ತ್ರ ಹಿಡಿಯಬಾರದು, ಆಣೆ ಮಾಡಬಾರದು, ಲೋಕದ ರೀತಿಗೆ ಒಗ್ಗಿಕೊಳ್ಳಬಾರದು ಎಂಬುದು ಅವರ ಆಚರಣೆಯ ತಿರುಳಾಯಿತು. ನಂಬಿಕೆಯೆಂದರೆ ತಿಳಿದು, ತಾನಾಗಿ ಮಾಡುವ ಆಯ್ಕೆ ಎಂಬ ಆ ಮೊದಲ ಮಾತು ಈ ಬರಹದುದ್ದಕ್ಕೂ ನಮ್ಮ ಜೊತೆಗಿರಬೇಕು.

ಕಿರುಕುಳದಿಂದ ಪಾರಾಗಲು ಅವರು ವಿಸ್ತುಲಾ ನದಿಯ ಮುಖಜಭೂಮಿಗೆ, ಇಂದಿನ ಪೋಲೆಂಡಿನ ಗ್ಡಾನ್‌ಸ್ಕ್ ಸುತ್ತಮುತ್ತಲಿಗೆ ಹೋದರು. ಜೌಗು ನೆಲದ ನೀರು ಬಸಿದು ಕೃಷಿ ಮಾಡಿದರು. ಆ ನಾಡು ಪ್ರಷ್ಯಾದ ಕೈಗೆ ಬಂದಾಗ, ಸೈನ್ಯಕ್ಕೆ ಸೇರದವರು ಹೊಸದಾಗಿ ಜಮೀನು ಕೊಳ್ಳುವುದಕ್ಕೆ ಅಡ್ಡಿಗಳು ಬಂದವು. ಅದೇ ಹೊತ್ತಿಗೆ ರಷ್ಯಾದ ಮಹಾರಾಣಿ ಎರಡನೆಯ ಕ್ಯಾಥರೀನಳು ದಕ್ಷಿಣದ ಹುಲ್ಲುಗಾವಲಿಗೆ ಕೃಷಿಕರನ್ನು ಕರೆಯುತ್ತಿದ್ದಳು. 1789ರಲ್ಲಿ ಇಂದಿನ ಉಕ್ರೇನಿನ ಖೋರ್ತಿತ್ಸಾದಲ್ಲಿ, 1804ರಲ್ಲಿ ಮೊಲೊಚ್ನಾದಲ್ಲಿ ಅವರ ವಸಾಹತುಗಳು ಹುಟ್ಟಿದವು. 1800ರಲ್ಲಿ ಸಾಮ್ರಾಟ ಪಾವೆಲನು ಸೇನಾಸೇವೆಯಿಂದ ವಿನಾಯಿತಿ ಮತ್ತು ಧರ್ಮಸ್ವಾತಂತ್ರ್ಯವನ್ನು ಎಂದೆಂದಿಗೂ ಎಂದು ಬರೆದುಕೊಟ್ಟ ಸನ್ನದನ್ನು ಅವರು ಪವಿತ್ರ ವಸ್ತುವಿನಂತೆ ಕಾಪಾಡಿದರು.

ಆ ಎಂದೆಂದಿಗೂ ಎಂಬುದು ಎಪ್ಪತ್ತೈದು ವರ್ಷ ಕೂಡ ಪೂರ್ತಿ ಉಳಿಯಲಿಲ್ಲ ಎನ್ನಬೇಕು. 1870ರ ದಶಕದ ಆರಂಭದಲ್ಲಿ ರಷ್ಯಾ ತನ್ನ ಎಲ್ಲ ಪ್ರಜೆಗಳನ್ನು ಒಂದೇ ಕಾನೂನಿನ ಕೆಳಗೆ ತರಲು ಹೊರಟಿತು. ವಲಸೆಗಾರರ ವಿಶೇಷ ಸವಲತ್ತುಗಳು ಹೋದವು, 1874ರಲ್ಲಿ ಸಾರ್ವತ್ರಿಕ ಸೇನಾಸೇವೆ ಬಂದಿತು. ಒಂದು ವರ್ಷ ಮೊದಲೇ ಹನ್ನೆರಡು ಜನ ಪ್ರತಿನಿಧಿಗಳು ಉತ್ತರ ಅಮೆರಿಕಾಕ್ಕೆ ಹೋಗಿ ನೆಲ ನೋಡಿ ಬಂದಿದ್ದರು. ಸುಮಾರು 18,000 ಜನ ರಷ್ಯಾವನ್ನು ಬಿಟ್ಟರು. ಅವರಲ್ಲಿ ಹೆಚ್ಚಿನವರು ಕನ್ಸಾಸ್, ನೆಬ್ರಾಸ್ಕಾದಂಥ ಅಮೆರಿಕಾದ ರಾಜ್ಯಗಳಿಗೆ ಹೋದರೆ, ಸಂಪ್ರದಾಯದಲ್ಲಿ ಇನ್ನಷ್ಟು ಬಿಗಿಯಾಗಿದ್ದ ಸುಮಾರು 7,000 ಜನ ಕೆನಡಾವನ್ನು ಆರಿಸಿಕೊಂಡರು. ಕೆನಡಾ ಸರ್ಕಾರ ಲಿಖಿತ ಭರವಸೆ ಕೊಟ್ಟಿದ್ದೇ ಅದಕ್ಕೆ ಮುಖ್ಯ ಕಾರಣ.

ಆ ಭರವಸೆಯ ಪತ್ರದ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು, ಏಕೆಂದರೆ ಮುಂದಿನ ಎಲ್ಲ ನೋವೂ ಅಲ್ಲಿಂದಲೇ ಹುಟ್ಟಿತು. 1873ರ ಜುಲೈ 23ರಂದು ಕೃಷಿ ಇಲಾಖೆಯ ಕಾರ್ಯದರ್ಶಿ ಜಾನ್ ಲೋವ್ ಪ್ರತಿನಿಧಿಗಳಿಗೆ ಬರೆದ ಪತ್ರದಲ್ಲಿ, ಧರ್ಮಾಚರಣೆಗೆ ಯಾವ ಅಡ್ಡಿಯೂ ಇರುವುದಿಲ್ಲ, ಅದೇ ಸವಲತ್ತು ಮಕ್ಕಳ ಶಾಲಾ ಶಿಕ್ಷಣಕ್ಕೂ ಅನ್ವಯಿಸುತ್ತದೆ ಎಂದಿತ್ತು. ಮೂರು ವಾರಗಳ ನಂತರ ಸರ್ಕಾರ ಹೊರಡಿಸಿದ ಅಧಿಕೃತ ಆದೇಶದಲ್ಲಿ, ಮಕ್ಕಳ ಶಿಕ್ಷಣದ ಮಾತಿಗೆ ‘ಕಾನೂನಿನಲ್ಲಿ ಅವಕಾಶವಿರುವಂತೆ’ ಎಂಬ ಷರತ್ತು ಸೇರಿತ್ತು. ಕೆನಡಾದಲ್ಲಿ ಶಿಕ್ಷಣ ಕೇಂದ್ರದ ಅಧಿಕಾರವಲ್ಲ, ಪ್ರಾಂತ್ಯದ ಅಧಿಕಾರ. ಕೇಂದ್ರ ತನ್ನದಲ್ಲದ್ದನ್ನು ಕೊಡಲಾರದು. ರೈತರ ಕೈಯಲ್ಲಿದ್ದದ್ದು ಮೊದಲ ಪತ್ರ. ಅದನ್ನು ನಂಬಿ ಅವರು ಸಾಗರ ದಾಟಿ ಬಂದು, ನಲವತ್ತು ವರ್ಷ ದುಡಿದು, ಮ್ಯಾನಿಟೋಬಾದ ಬಯಲನ್ನು ಹೊಲವನ್ನಾಗಿ ಮಾಡಿದ್ದರು.

1914ರಲ್ಲಿ ಯುದ್ಧ ಬಂದಿತು. ಜರ್ಮನ್ ಮಾತಾಡುವ, ಬಂದೂಕು ಹಿಡಿಯಲೊಲ್ಲದ ಜನರನ್ನು ನೆರೆಹೊರೆಯವರು ಅನುಮಾನದಿಂದ ನೋಡತೊಡಗಿದರು. 1916ರಲ್ಲಿ ಮ್ಯಾನಿಟೋಬಾ ಸರ್ಕಾರ ದ್ವಿಭಾಷಾ ಶಾಲೆಗಳನ್ನು ರದ್ದುಮಾಡಿ, ಶಾಲಾ ಹಾಜರಾತಿಯನ್ನು ಕಡ್ಡಾಯಗೊಳಿಸಿತು. ಮರುವರ್ಷ ಸಸ್ಕಾಚೆವನ್ ಪ್ರಾಂತ್ಯವೂ ಅದೇ ದಾರಿ ಹಿಡಿಯಿತು. ಮೆನೊನೈಟರು ತಮ್ಮದೇ ಶಾಲೆಗಳನ್ನು ನಡೆಸಿಕೊಂಡಿದ್ದರು. ಮೊದಲು ಅಕ್ಷರಮಾಲೆ, ನಂತರ ಧರ್ಮಪ್ರಶ್ನೋತ್ತರ, ನಂತರ ಹೊಸ ಒಡಂಬಡಿಕೆ, ಕೊನೆಗೆ ಇಡೀ ಬೈಬಲ್. ಜೊತೆಗೆ ಬರವಣಿಗೆ ಮತ್ತು ಲೆಕ್ಕ. ಮನೆಯಲ್ಲಿ ಆಡುವ ಮಾತು ಪ್ಲೌಟ್‌ಡೀಚ್ ಎಂಬ ಆಡುನುಡಿ, ಶಾಲೆ ಮತ್ತು ಪ್ರಾರ್ಥನೆಯದು ಗ್ರಂಥಸ್ಥ ಜರ್ಮನ್. ಸರ್ಕಾರ ಅವರ ಹಳ್ಳಿಗಳಲ್ಲಿ ಜಾಗ ವಶಪಡಿಸಿಕೊಂಡು ಇಂಗ್ಲಿಷ್ ಶಾಲೆ ಕಟ್ಟಿ ಶಿಕ್ಷಕರನ್ನು ನೇಮಿಸಿತು, ಮಕ್ಕಳು ಬರಲಿಲ್ಲ. ತಂದೆಯಂದಿರಿಗೆ ದಂಡ ಬಿತ್ತು, ಕಟ್ಟದವರು ಜೈಲಿಗೆ ಹೋದರು. ನ್ಯಾಯಾಲಯಕ್ಕೆ ಹೋದಾಗ 1919ರಲ್ಲಿ ಪ್ರಾಂತ್ಯದ ಮೇಲ್ಮನವಿ ನ್ಯಾಯಾಲಯ ಸರ್ಕಾರದ ಪರ ತೀರ್ಪು ಕೊಟ್ಟಿತು. 1920ರಲ್ಲಿ, ಆಗ ಕೆನಡಾಕ್ಕೂ ಕೊನೆಯ ಮೇಲ್ಮನವಿಯ ಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ವಿಚಾರಣೆಗೇ ಒಪ್ಪಲಿಲ್ಲ. ಆಗ ಅವರು ಬೇರೆ ದೇಶ ಹುಡುಕಿದರು. 1921ರ ಫೆಬ್ರವರಿಯಲ್ಲಿ ಮೆಕ್ಸಿಕೊದ ಅಧ್ಯಕ್ಷ ಆಲ್ವಾರೊ ಒಬ್ರೆಗೋನ್, ಸೇನೆಯಿಲ್ಲ, ಆಣೆಯಿಲ್ಲ, ನಿಮ್ಮ ಶಾಲೆ ನಿಮ್ಮದೇ ಎಂದು ಬರೆದುಕೊಟ್ಟರು.

ಮ್ಯಾನಿಟೋಬಾ ಸರ್ಕಾರ ಮಾಡಿದ್ದು ತಪ್ಪು ಎಂದು ನಾನು ನಂಬುತ್ತೇನೆ. ಒಂದು ದೇಶ ತನಗೆ ರೈತರು ಬೇಕಾಗಿದ್ದಾಗ ಮಾತು ಕೊಟ್ಟು, ನೆಲ ಹಸನಾದ ಮೇಲೆ ಆ ಮಾತಿನ ಒಳಗಿದ್ದ ಷರತ್ತನ್ನು ಓದಿ ಹೇಳುವುದು ನ್ಯಾಯವಲ್ಲ. ಅದೂ ಯುದ್ಧದ ದ್ವೇಷದ ನಡುವೆ, ಮಕ್ಕಳನ್ನು ಒಂದೇ ಅಚ್ಚಿನ ಪ್ರಜೆಗಳನ್ನಾಗಿ ಮಾಡುವ ಆತುರದಲ್ಲಿ ನಡೆದ ಕೆಲಸ ಅದು. ಶಾಲೆಯೊಂದು ಮಗುವಿಗೆ ಅದರ ತಂದೆತಾಯಿಯ ಭಾಷೆ ನಾಚಿಕೆಗೇಡಿನದು ಎಂದು ಕಲಿಸಿದರೆ, ಆ ತಂದೆತಾಯಿ ಶಾಲೆಯನ್ನು ದ್ವೇಷಿಸುವುದರಲ್ಲಿ ಆಶ್ಚರ್ಯವಿಲ್ಲ.

ನನ್ನ ಮನೆಮಾತು ಕೊಂಕಣಿ, ಊರು ಕುಮಟೆಯ ಕಡೆ. ನಮ್ಮ ಕುಲದೇವರು ಗೋವೆಯಲ್ಲಿದ್ದಾರೆ, ನಾವು ಕನ್ನಡ ಕರಾವಳಿಯಲ್ಲಿದ್ದೇವೆ. ಈ ಅಗಲಿಕೆಯ ಹಿಂದೆ ಇಂಥದೇ ಒಂದು ಹೊರಡುವಿಕೆ ಇದೆ. ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಮಂಡಲಿ 1560ರಲ್ಲಿ ಆರಂಭವಾಯಿತು. ಆ ಸುಮಾರಿಗೆ ಮಂಗೇಶನನ್ನು ಕುಶಸ್ಥಳಿಯಿಂದ ಪ್ರಿಯೋಳಕ್ಕೆ, ಮಹಾಲಸೆಯನ್ನು ವೆರ್ಣೆಯಿಂದ ಮಾರ್ದೊಳಕ್ಕೆ, ಶಾಂತಾದುರ್ಗೆಯನ್ನು ಕೇಳಶಿಯಿಂದ ಕವಳೆಗೆ ಭಕ್ತರು ಸಾಗಿಸಿದರು. ಆ ಹೊಸ ನೆಲೆಗಳೆಲ್ಲ ಪೋರ್ಚುಗೀಸರ ಕೈಗೆ ಆಗ ಸಿಗದಿದ್ದ, ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿದ್ದ ಫೋಂಡಾ ಪ್ರದೇಶದಲ್ಲಿದ್ದವು. ಜನರು ಇನ್ನೂ ದಕ್ಷಿಣಕ್ಕೆ, ಅಂಕೋಲೆ, ಕುಮಟೆ, ಭಟ್ಕಳ, ಬಸ್ರೂರು, ಮಂಗಳೂರು, ಕೊಚ್ಚಿಯವರೆಗೆ ಬಂದರು. ಮುಂದಿನ ಕಾಲದಲ್ಲಿ ಮತಾಂತರಗೊಂಡ ಕ್ರೈಸ್ತರೂ ಅದೇ ದಾರಿಯಲ್ಲಿ ಬಂದರು ಎಂಬುದನ್ನು ನಾವು ಮರೆಯಬಾರದು; ದೀಕ್ಷೆ ಪಡೆದವರ ಮೇಲೆಯೇ ಆ ನ್ಯಾಯಮಂಡಲಿಯ ಕಣ್ಣು ಹೆಚ್ಚಾಗಿ ನೆಟ್ಟಿತ್ತು, ಹಳೆಯ ಪದ್ಧತಿಯ ಉಡುಪು, ಊಟ, ಮದುವೆಯ ಶಾಸ್ತ್ರಗಳೂ ಅಪರಾಧವಾಗಿದ್ದವು. ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಅನೇಕರ ಹಿರಿಯರು ಹಾಗೆ ಬಂದವರು.

ಗೋವೆಯ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡುವುದು 1559ರ ಒಂದು ರಾಜಾಜ್ಞೆ. ಹೆತ್ತವರನ್ನು ಕಳೆದುಕೊಂಡ ಹಿಂದೂ ಮಕ್ಕಳನ್ನು ಸೇಂಟ್ ಪಾಲ್ ಕಾಲೇಜಿಗೆ ಒಪ್ಪಿಸಿ, ಕ್ರೈಸ್ತರನ್ನಾಗಿ ಬೆಳೆಸಬೇಕು ಎಂದು ಅದು ವಿಧಿಸಿತು. ದೇವಾಲಯವನ್ನು ಕೆಡವಿದಾಗ ಜನ ದೇವರನ್ನು ಎತ್ತಿಕೊಂಡು ಹೊಳೆ ದಾಟಿದರು, ಗುಟ್ಟಾಗಿ ಪೂಜೆ ಮಾಡಿದರು. ತಾನು ಸತ್ತರೆ ತನ್ನ ಮಗು ಯಾರದಾಗುತ್ತದೆ ಎಂಬ ಪ್ರಶ್ನೆ ಎದುರಾದಾಗ ಅಂಥ ಗುಟ್ಟಿನ ಪೂಜೆಯಿಂದ ಪ್ರಯೋಜನವಿರಲಿಲ್ಲ. ಗೋವೆಯ ಹಿಂಸೆಯನ್ನೂ ಮ್ಯಾನಿಟೋಬಾದ ಶಾಲಾ ಕಾನೂನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಒಂದರಲ್ಲಿ ಸೆರೆಮನೆ, ಚಿತ್ರಹಿಂಸೆ, ಚಿತೆ ಇದ್ದವು, ಇನ್ನೊಂದರಲ್ಲಿ ದಂಡ ಮತ್ತು ಸಣ್ಣ ಅವಧಿಯ ಜೈಲು. ಆದರೂ ಎರಡರಲ್ಲಿಯೂ ಮನುಷ್ಯ ಕೊನೆಗೆ ಗಂಟುಮೂಟೆ ಕಟ್ಟಿದ್ದು ಮಕ್ಕಳ ಪ್ರಶ್ನೆ ಬಂದಾಗ. 1620ರಲ್ಲಿ ಅಮೆರಿಕಾಕ್ಕೆ ಹೊರಟ ಮೇಫ್ಲವರ್ ಹಡಗು ಹತ್ತಿದ, ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಬೇರೆಯಾಗಿದ್ದ ಪ್ರತ್ಯೇಕತಾವಾದಿಗಳು ಕೂಡ ಅದಕ್ಕೆ ಮೊದಲು ಹನ್ನೊಂದು ವರ್ಷ ಹಾಲೆಂಡಿನ ಲೈಡನ್ ನಗರದಲ್ಲಿ ಪೂಜಾಸ್ವಾತಂತ್ರ್ಯದಿಂದಲೇ ಇದ್ದರು. ತಮ್ಮ ಮಕ್ಕಳು ಅಲ್ಲಿನ ರೀತಿಗೆ ಸೆಳೆದುಹೋಗುತ್ತಿದ್ದಾರೆ ಎಂಬುದು ಅವರು ಅಲ್ಲಿಂದಲೂ ಹೊರಟದ್ದಕ್ಕೆ ಹೇಳಿಕೊಂಡ ಕಾರಣಗಳಲ್ಲಿ ಒಂದಾಗಿತ್ತು.

ಬೆಳೆದ ಮನುಷ್ಯನ ನಂಬಿಕೆ ಸಾಮಾನ್ಯವಾಗಿ ಸುತ್ತಲಿನ ಸಮಾಜದಿಂದ ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ವಿನ್ನಿಪೆಗ್‌ನ ಚಳಿಯಲ್ಲಿ, ತುಳಸಿಗಿಡ ಬದುಕದ ಮನೆಯಲ್ಲಿಯೂ ನನ್ನ ನಂಬಿಕೆ ಉಳಿದಿದೆ, ಅದಕ್ಕೆ ನೆರೆಯವರ ಒಪ್ಪಿಗೆ ಬೇಕಾಗಿಲ್ಲ. ಹೊರಡುವವರು ತಮ್ಮ ನಂಬಿಕೆಯನ್ನು ಉಳಿಸಿಕೊಳ್ಳಲು ಹೊರಡುತ್ತೇವೆ ಎನ್ನುತ್ತಾರೆ. ಅವರು ನಿಜವಾಗಿ ಉಳಿಸಿಕೊಳ್ಳಬಯಸುವುದು ಮಕ್ಕಳ ನಂಬಿಕೆಯನ್ನು ತಾವು ನಿರ್ಧರಿಸುವ ಅಧಿಕಾರವನ್ನು ಎಂದು ನನಗೆ ತೋರುತ್ತದೆ. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಅದು ಪ್ರೀತಿಯಿಂದಲೇ ಹುಟ್ಟಿದ ಬಯಕೆ. ಆದರೆ ಮೆನೊನೈಟರ ವಿಷಯದಲ್ಲಿ ಅದು ಅವರ ಮೂಲಮಾತಿಗೇ ಎದುರಾಗಿ ನಿಲ್ಲುತ್ತದೆ. ತಿಳಿದು ಆರಿಸಿಕೊಳ್ಳದ ನಂಬಿಕೆ ನಂಬಿಕೆಯಲ್ಲ ಎಂದು ಹೇಳಿ ಲಿಮ್ಮಾಟ್ ನದಿಯಲ್ಲಿ ಪ್ರಾಣ ಕೊಟ್ಟವರ ಪಂಥ, ನಾಲ್ಕು ಶತಮಾನಗಳ ನಂತರ ತನ್ನ ಮಕ್ಕಳು ಬೇರೆ ಏನನ್ನೂ ಆರಿಸಿಕೊಳ್ಳಲಾಗದಷ್ಟು ದೂರದ ಬಯಲನ್ನು ಹುಡುಕಿಕೊಂಡು ಹೋಯಿತು. ಇಪ್ಪತ್ತರ ಹರೆಯದಲ್ಲಿ ಅಲ್ಲಿ ದೀಕ್ಷಾಸ್ನಾನ ಪಡೆಯುವ ಯುವಕ ಹೌದು ಎನ್ನುತ್ತಾನೆ, ನಿಜ; ಇಲ್ಲ ಎಂದರೆ ಅವನಿಗೆ ಹೋಗಲು ಜಾಗವಾಗಲೀ ಆಡಲು ಭಾಷೆಯಾಗಲೀ ಇರುವುದಿಲ್ಲ.

ದೂರದ ಬಯಲು ಖಾಲಿಯಾಗಿಯೂ ಇರಲಿಲ್ಲ. ಮ್ಯಾನಿಟೋಬಾದಲ್ಲಿ ಅವರಿಗೆ ಕೊಟ್ಟ ನೆಲ ಮೂಲನಿವಾಸಿಗಳಾದ ಅನಿಶಿನಾಬೆ ಜನರು ಮತ್ತು ಮೂಲನಿವಾಸಿ, ಯೂರೋಪಿಯನ್ ಎರಡೂ ಬೇರುಗಳುಳ್ಳ ಮೆಟಿ ಜನರು ಬಾಳಿದ ನಾಡು. ಮೆಟಿ ಮಕ್ಕಳಿಗೆ 1870ರ ಕಾಯ್ದೆಯಲ್ಲಿ ಮಾತು ಕೊಟ್ಟಿದ್ದ 14 ಲಕ್ಷ ಎಕರೆಯ ಹಂಚಿಕೆಯಲ್ಲಿ ಸರ್ಕಾರ ತನ್ನ ಕರ್ತವ್ಯ ಪಾಲಿಸಲಿಲ್ಲ ಎಂದು ಕೆನಡಾದ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ಚಿವಾವಾದಲ್ಲಿ ಅವರು ಜಮೀನ್ದಾರಿ ಕುಟುಂಬದಿಂದ ಕೊಂಡ ಎರಡು ಲಕ್ಷಕ್ಕೂ ಹೆಚ್ಚು ಎಕರೆಯ ಮೇಲೆ, ಕ್ರಾಂತಿಯ ನಂತರ ಭೂಮಿ ತಮಗೆ ಸಿಗುತ್ತದೆಂದು ಕಾದಿದ್ದ ಬಡ ಮೆಕ್ಸಿಕನ್ ರೈತರು ಆಗಲೇ ನೆಲೆಸಿದ್ದರು. ಅದೇ ಮೆಕ್ಸಿಕೊದ 1917ರ ಸಂವಿಧಾನ ಕೆಥೊಲಿಕ್ ಚರ್ಚಿನ ಶಾಲೆಗಳನ್ನು ಹತ್ತಿಕ್ಕುತ್ತಿತ್ತು. 1926ರಿಂದ 1929ರವರೆಗೆ ಆ ಕಾರಣಕ್ಕೆ ಅಂತರ್ಯುದ್ಧವೇ ನಡೆಯಿತು. ಮೆನೊನೈಟರಿಗೆ ಸಿಕ್ಕ ಸ್ವಾತಂತ್ರ್ಯ ನೆರೆಯ ಹಳ್ಳಿಯ ಮೆಕ್ಸಿಕನ್ ಭಕ್ತನಿಗೆ ಇರಲಿಲ್ಲ.

ಮೆಕ್ಸಿಕೊದಲ್ಲಿಯೂ ಕಥೆ ಮುಗಿಯಲಿಲ್ಲ. 1930ರ ದಶಕದ ನಡುವಿನಲ್ಲಿ ಸ್ವಲ್ಪ ಕಾಲ ಅವರ ಶಾಲೆಗಳನ್ನು ಮುಚ್ಚಿಸಲಾಯಿತು. ಮುಂದೆ ಸರ್ಕಾರದ ಸಾಮಾಜಿಕ ವಿಮೆಗೆ ಸೇರಬೇಕಾದೀತೆಂಬ ಭಯ ಬಂದಾಗ, 1958ರಲ್ಲಿ ಒಂದು ಪಾಲು ಜನ ಇಂದಿನ ಬೆಲೀಜ್ ದೇಶಕ್ಕೆ ಹೊರಟರು. 1960ರ ದಶಕದ ಕೊನೆಯಲ್ಲಿ ಇನ್ನೊಂದು ಪಾಲು ಬೊಲಿವಿಯಾಕ್ಕೆ ಹೋಯಿತು. ಆ ಬಾರಿ ಹೊರಗಿನ ಸರ್ಕಾರ ಅವರನ್ನು ಅಟ್ಟಿರಲಿಲ್ಲ. ತಮ್ಮದೇ ವಸಾಹತಿನಲ್ಲಿ ವಿದ್ಯುತ್ತು, ಪಿಕಪ್ ಗಾಡಿ, ರಬ್ಬರ್ ಗಾಲಿಯ ಟ್ರ್ಯಾಕ್ಟರ್ ಬರುತ್ತಿದ್ದವು. ರಬ್ಬರ್ ಗಾಲಿ ಇದ್ದರೆ ಹುಡುಗರು ಟ್ರ್ಯಾಕ್ಟರನ್ನೇ ಏರಿ ಪೇಟೆಗೆ ಹೋಗುತ್ತಾರೆ, ಆದ್ದರಿಂದ ಕಬ್ಬಿಣದ ಗಾಲಿಯೇ ಇರಬೇಕು ಎಂಬುದು ಹಿರಿಯರ ವಾದ. ಹೊರಗಿನ ಸಮಾಜದಿಂದ ದೂರ ಹೋದವರಿಗೆ ಒಳಗಿನ ಸಮಾಜವೂ ಬದಲಾಗುತ್ತದೆ ಎಂಬುದನ್ನು ತಡೆಯಲು ಇದ್ದ ಉಪಾಯ ಮತ್ತೆ ಹೊರಡುವುದೊಂದೇ ಆಯಿತು.

ಬೊಲಿವಿಯಾದ ಮ್ಯಾನಿಟೋಬಾ ಎಂಬ ವಸಾಹತಿನಲ್ಲಿ ನಡೆದದ್ದನ್ನು ಹೇಳದೆ ಈ ಬರಹ ಪ್ರಾಮಾಣಿಕವಾಗದು. 2009ರವರೆಗೆ ಅಲ್ಲಿ ಹಲವು ವರ್ಷ, ರಾತ್ರಿ ಮನೆಗಳಿಗೆ ಪ್ರಜ್ಞೆ ತಪ್ಪಿಸುವ ಔಷಧಿ ಸಿಂಪಡಿಸಿ ನೂರಕ್ಕೂ ಹೆಚ್ಚು ಹೆಂಗಸರು ಮತ್ತು ಹುಡುಗಿಯರ ಮೇಲೆ ಅತ್ಯಾಚಾರ ನಡೆಯಿತು; ಮಾಡಿದವರು ಅವರದೇ ಸಮುದಾಯದ ಗಂಡಸರು. ಮೊದಲು ಅದನ್ನು ದೆವ್ವದ ಕಾಟವೆಂದೂ ಹೆಂಗಸರ ಕಲ್ಪನೆಯೆಂದೂ ತಳ್ಳಿಹಾಕಲಾಗಿತ್ತು. 2011ರಲ್ಲಿ ಬೊಲಿವಿಯಾದ ನ್ಯಾಯಾಲಯ ಏಳು ಜನರಿಗೆ 25 ವರ್ಷಗಳ ಶಿಕ್ಷೆ ವಿಧಿಸಿತು. ಇಂಥ ಅಪರಾಧ ಎಲ್ಲ ಸಮಾಜಗಳಲ್ಲಿಯೂ ನಡೆಯುತ್ತದೆ ಎನ್ನಬಹುದು. ಆದರೆ ಆ ಹೆಂಗಸರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಪೊಲೀಸರ ಬಳಿಗೆ ಹೋಗುವ ದಾರಿಯನ್ನೂ ಆ ಮಾತನ್ನೂ ಅವರಿಗೆ ಯಾರೂ ಕಲಿಸಿರಲಿಲ್ಲ. ಲೋಕದಿಂದ ಮಕ್ಕಳನ್ನು ಕಾಪಾಡಲು ಎಬ್ಬಿಸಿದ ಗೋಡೆ, ಮನೆಯೊಳಗಿನ ಕೇಡು ಹೊರಗೆ ಕೇಳಿಸದಂತೆಯೂ ಮಾಡಿತು.

ಹೊರಡದೆ ಉಳಿದವರು ಏನಾದರು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಮತ್ತು ಇಲ್ಲಿ ನಾನು ಹೊರಟವರ ಪರ ಮಾತಾಡಲೇಬೇಕು. 1870ರ ದಶಕದಲ್ಲಿ ರಷ್ಯಾದಲ್ಲಿಯೇ ಉಳಿದವರಿಗೆ ಸೇನೆಯ ಬದಲು ಅರಣ್ಯಸೇವೆಯ ಅವಕಾಶ ಸಿಕ್ಕಿತು, ಅವರು ಸಿರಿವಂತರಾದರು. ಕ್ರಾಂತಿಯ ನಂತರದ ಅಂತರ್ಯುದ್ಧದಲ್ಲಿ ಅವರ ಹಳ್ಳಿಗಳಲ್ಲಿ ಕೊಲೆ, ಸುಲಿಗೆ ನಡೆದವು. ಕೆಲವರು ಶತಮಾನಗಳ ವ್ರತ ಮುರಿದು ಬಂದೂಕು ಹಿಡಿದರು. ನಂತರ ಕ್ಷಾಮ ಬಂದಿತು. ಅವರಲ್ಲಿ ಸುಮಾರು 20,000 ಜನ 1923ರಿಂದ 1930ರ ನಡುವೆ ಪಾರಾಗಿ ಬಂದದ್ದು ಕೆನಡಾಕ್ಕೆ. ಓಲ್ಡ್ ಕಾಲನಿಯವರು ಧರ್ಮ ಉಳಿಸಿಕೊಳ್ಳಲು ಬಿಟ್ಟುಹೋದ ಮನೆ, ಹೊಲಗಳಲ್ಲಿಯೇ ಕೆಲವೆಡೆ ಈ ನಿರಾಶ್ರಿತರು ನೆಲೆಸಿ, ಧರ್ಮಸ್ವಾತಂತ್ರ್ಯ ಸಿಕ್ಕಿತೆಂದು ದೇವರಿಗೆ ಕೃತಜ್ಞತೆ ಹೇಳಿದರು. ಒಂದೇ ಪಂಥದ ಇಬ್ಬರಿಗೆ ಒಂದೇ ಮನೆ ಹೀಗೆ ಬೇರೆ ಬೇರೆಯಾಗಿ ಕಂಡಿತು. ಮ್ಯಾನಿಟೋಬಾದಲ್ಲಿ ಉಳಿದ ಮೆನೊನೈಟರು ಇಂಗ್ಲಿಷ್ ಕಲಿತರು. ಇಂದು ಈ ಪ್ರಾಂತ್ಯದ ವೈದ್ಯರಲ್ಲಿ, ಶಿಕ್ಷಕರಲ್ಲಿ, ಬರಹಗಾರರಲ್ಲಿ ಅವರ ಮೊಮ್ಮಕ್ಕಳಿದ್ದಾರೆ. ಕೆಲವರು ಚರ್ಚಿಗೆ ಹೋಗುತ್ತಾರೆ, ಕೆಲವರು ಹೋಗುವುದಿಲ್ಲ. ಮೆಕ್ಸಿಕೊಕ್ಕೆ ಹೋದವರ ಹಿರಿಯರು ಭಯಪಟ್ಟದ್ದು ನಿಜವಾಗಿಯೂ ನಡೆಯಿತು ಎಂಬುದನ್ನು ಒಪ್ಪಿಕೊಳ್ಳದೆ ಅವರನ್ನು ಟೀಕಿಸುವುದು ನ್ಯಾಯವಲ್ಲ.

ಮೆಕ್ಸಿಕೊಕ್ಕೆ ಹೋದವರ ವಂಶಜರಲ್ಲಿಯೂ ಸಾವಿರಾರು ಜನ ಅಜ್ಜನ ಕೆನಡಾ ಪೌರತ್ವದ ಎಳೆ ಹಿಡಿದು, ಬರ ಮತ್ತು ಭೂಮಿಯ ಕೊರತೆಯ ಕಾರಣ, 1950ರ ದಶಕದಿಂದ ಒಂಟಾರಿಯೊ, ಮ್ಯಾನಿಟೋಬಾ, ಆಲ್ಬರ್ಟಾಗಳಿಗೆ ಮರಳುತ್ತಲೇ ಇದ್ದಾರೆ. ಅನೇಕರು ತರಕಾರಿ ಹೊಲಗಳಲ್ಲಿ ಕೂಲಿಯಾಗಿ ಆರಂಭಿಸಿದರು. ಈಗಿನ ಶಾಲೆಗಳು 1916ರ ಶಾಲೆಗಳಂತಿಲ್ಲ. ಆಲ್ಬರ್ಟಾದ ಕೆಲವೆಡೆ ಈ ಮಕ್ಕಳಿಗಾಗಿ ಜರ್ಮನ್ ಭಾಷೆಯ ಮತ್ತು ಧರ್ಮಪಾಠದ ತರಗತಿಗಳನ್ನು ಸೇರಿಸಿಕೊಂಡು ಅವರನ್ನು ಕರೆಯುತ್ತಾರೆ. ಒಂಟಾರಿಯೊದ ಐಲ್ಮರ್ ಪಟ್ಟಣದಲ್ಲಿ ಪ್ಲೌಟ್‌ಡೀಚ್‌ನಲ್ಲಿ ಪ್ರಸಾರ ಮಾಡುವ ರೇಡಿಯೊ ಕೇಂದ್ರವೂ ಇದೆ. ನೂರು ವರ್ಷ ಮೊದಲು ಸರ್ಕಾರ ಇಷ್ಟು ತಾಳ್ಮೆ ತೋರಿದ್ದರೆ ಎಷ್ಟು ಜನ ಹೊರಡುತ್ತಿದ್ದರು ಎಂದು ನಾನು ಯೋಚಿಸುತ್ತೇನೆ.

ನಮ್ಮ ಬಳಗದ ಒಂದು ಕುಟುಂಬ ಈ ಬೇಸಿಗೆಯಲ್ಲಿ ಉಡುಪಿಯ ಕಡೆಗೆ ಮರಳುವ ಸಿದ್ಧತೆಯಲ್ಲಿದೆ. ತಂದೆತಾಯಿ ಇಬ್ಬರೂ ಶ್ರದ್ಧಾವಂತರು. ಅವರ ಭಯವನ್ನು ನಾನು ಗೌರವಿಸುತ್ತೇನೆ. ಅವರು ನೆನೆಯುವ ಊರು ಅವರ ಬಾಲ್ಯದ್ದು. ಇಂದಿನ ಉಡುಪಿಯ ಮಕ್ಕಳ ಕೈಯಲ್ಲಿಯೂ ಅದೇ ಫೋನುಗಳಿವೆ, ಅಲ್ಲಿನ ಶಾಲೆಗಳೂ ಮಕ್ಕಳನ್ನು ತಯಾರು ಮಾಡುವುದು ಇಲ್ಲಿಗೆ ಬರುವುದಕ್ಕಾಗಿಯೇ ಎಂಬುದನ್ನು ಅವರಿಗೆ ಹೇಳಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ಹದಿನಾರು ವರ್ಷದ ಅವರ ದೊಡ್ಡ ಮಗಳ ಅಭಿಪ್ರಾಯ ಏನೆಂದು ಕೇಳಿದೆ. ‘ಮಕ್ಕಳನ್ನು ಏನು ಕೇಳುವುದು ಅಕ್ಕಾ, ಅವರಿಗಾಗಿಯೇ ಅಲ್ಲವೇ ಹೋಗುವುದು’ ಎಂದರು ತಾಯಿ. ಅವರಿಗಾಗಿ ಎಂಬ ಕಾರಣಕ್ಕೇ ಕೇಳಬೇಕು ಎಂದೆ. ಆ ಹುಡುಗಿ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ವಿಷ್ಣುಸಹಸ್ರನಾಮ ಹೇಳುತ್ತಾಳೆ, ಅದನ್ನು ಅವಳು ತಾನಾಗಿ ಕಲಿತದ್ದು ಎಂದು ಅವಳ ತಾಯಿಯೇ ನನಗೆ ಹೆಮ್ಮೆಯಿಂದ ಹೇಳಿದ್ದರು. ಅವಳು ಇಲ್ಲಿಯೇ ಇರುತ್ತೇನೆ ಎಂದರೆ ಅದಕ್ಕೂ ಅವಳ ಬಳಿ ಒಂದು ಕಾರಣ ಇರುತ್ತದೆ. ಮುಂದಿನ ಭಾನುವಾರ ಅವಳೊಂದಿಗೆ ಕುಳಿತು ಮಾತಾಡುವುದಾಗಿ ಅವರು ಒಪ್ಪಿದ್ದಾರೆ.